ಕುದುರೆಯ ಮೇಲಿನ ದೂರು

"ಗರ್ಭಕೋಶ ತೆಗೆದ್ಬಿಡೋಣ. ನಲವತ್ತೆರಡು ವರ್ಷ, ಮೂರು ಮಕ್ಕಳಾಗಿವೆ. ಇನ್ನೇನಕ್ಕೆ ಬೇಕು ಅದು?"

ತಿಪಟೂರಿನ ಆ ನರ್ಸಿಂಗ್ ಹೋಮಿನ ಡಾಕ್ಟರು ಹೀಗೆ ಕೇಳಿದ್ದು ಹನುಮಂತಯ್ಯನನ್ನು. ರಾಮಲಕ್ಷ್ಮಮ್ಮ ಇನ್ನೂ ಹಸಿರು ಪರದೆಯ ಹಿಂದೆಯೇ ಇದ್ದಳು. ಎತ್ತರದ ಮಂಚದಿಂದ ಇಳಿದು ಸೀರೆಯ ನೆರಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಪರೀಕ್ಷೆ ಮಾಡುವಾಗ ಡಾಕ್ಟರು ಅವಳೊಂದಿಗೆ ಆಡಿದ್ದು ಮೂರೇ ಮಾತು. ಮಲಗು, ಕೆಮ್ಮು, ಏಳು.

ಪರದೆಯ ಆಚೆ ಗಂಡ ಗಂಟಲು ಸರಿಮಾಡಿಕೊಂಡ. "ಕುದುರೆ ಹತ್ತುತ್ತಾಳೆ ಸಾರ್. ಮೂರು ವರ್ಷದಿಂದ. ಅದ್ರಿಂದ್ಲೇ ಆಗಿರ್ಬೇಕು ಅಂತ ಮನೇಲೆಲ್ಲ ಅಂತವ್ರೆ."

"ಕುದುರೆನಾ?" ಡಾಕ್ಟರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಕಾಂಪೌಂಡರನೂ ನಕ್ಕ. "ಮತ್ತೆ ಜಾರದೆ ಇರುತ್ತೇನ್ರೀ? ಮೊದ್ಲು ಅದನ್ನ ನಿಲ್ಲಿಸಿ. ಮುಂದಿನ ತಿಂಗಳು ಹತ್ತನೇ ತಾರೀಖು ಕರ್ಕೊಂಡು ಬನ್ನಿ."

ರಾಮಲಕ್ಷ್ಮಮ್ಮ ಪರದೆ ಸರಿಸಿ ಹೊರಗೆ ಬಂದಳು. ಮೂವರಲ್ಲಿ ಒಬ್ಬರೂ ಅವಳ ಮುಖ ನೋಡಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಅವಳು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲೇ ಹತ್ತಾರು ಸಲ ತಿದ್ದಿ ಇಟ್ಟುಕೊಂಡಿದ್ದಳು. ಸೀನಿದರೆ, ಕೆಮ್ಮಿದರೆ ಸೀರೆ ಒದ್ದೆಯಾಗುತ್ತದಲ್ಲ, ಅದು ಔಷಧಿಯಿಂದ ನಿಲ್ಲುತ್ತದೋ ಇಲ್ಲವೋ ಎಂದು. ಕೇಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕಾಂಪೌಂಡರ ಮುಂದಿನವರ ಹೆಸರು ಕೂಗಿದ.

ಕುದುರೆ ಅವಳಿಗೆ ಮೂರು ವರ್ಷದ ಹುಚ್ಚಲ್ಲ. ಅವಳ ತವರು ಹುಳಿಯಾರಿನ ಹತ್ತಿರದ ಕೆಂಕೆರೆ. ಅಪ್ಪ ಹುಚ್ಚರಂಗಯ್ಯ ಕಂಬಳಿ ವ್ಯಾಪಾರಿ, ಸಂತೆಯಿಂದ ಸಂತೆಗೆ ತಟ್ಟುಗುದುರೆಯ ಮೇಲೆ ತಿರುಗುತ್ತಿದ್ದವನು. ತಾಯಿಯಿಲ್ಲದ ಮಗಳನ್ನು ಯಾರ ಮನೆಯಲ್ಲೂ ಬಿಡಲಾರದೆ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದ. ಒಂಬತ್ತನೆಯ ವಯಸ್ಸಿಗೆ ಅವಳೊಬ್ಬಳೇ ತಟ್ಟುವನ್ನು ಕೆರೆಗೆ ಹೊಡೆದುಕೊಂಡು ಹೋಗಿ, ನೀರು ಕುಡಿಸಿ, ಅದರ ಬೆನ್ನ ಮೇಲೆ ಕೂತೇ ಮನೆಗೆ ಬರುವಳು. ದೊಡ್ಡವಳಾದ ವಾರಕ್ಕೆ ಅದೆಲ್ಲ ನಿಂತಿತು. ಹದಿನೆಂಟಕ್ಕೆ ಮದುವೆಯಾಗಿ ಹಾಲ್ಕುರಿಕೆಯ ಆಚೆಗಿನ ಈ ಊರಿಗೆ, ನಾಲ್ಕು ಎಕರೆ ತೆಂಗಿನ ತೋಟದ ಮನೆಗೆ ಬಂದಳು.

ಆ ಮನೆಗೂ ತಿಪಟೂರಿಗೂ ನಡುವೆ ಆಗ ಓಡುತ್ತಿದ್ದದ್ದು ಬುಡನ್ ಸಾಬಿಯ ಜಟಕಾ. ಕೊಬ್ಬರಿ ಮೂಟೆಯಿಂದ ಹಿಡಿದು ಬಸುರಿ ಬಾಣಂತಿಯರ ತನಕ ಎಲ್ಲವನ್ನೂ ಸಾಗಿಸಿದವನು ಅವನು. ಆಮೇಲೆ ಊರಿಗೆ ಬಸ್ಸು ಬಂತು, ತಿಪಟೂರಿನ ಬೀದಿಗೆ ಆಟೋಗಳು ಬಂದವು, ಜಟಕಾದ ಗಾಲಿ ಹಿತ್ತಲ ಗೋಡೆಗೆ ಒರಗಿತು. ತೊಂಬತ್ತೈದರಲ್ಲಿ ಒಂದು ದಿನ ಮುದುಕ ತನ್ನ ಕೆಂಪು ಹೆಣ್ಣುಕುದುರೆ ಗುಲಾಬಿಯನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದ. ಮಾರಿದರೆ ಕಟುಕರ ಪಾಲಾಗುತ್ತದೆ ಅನ್ನುವುದು ಅವನ ಸಂಕಟ. ಇಲ್ಲಿ ಹುಲ್ಲಿದೆ, ನೆರಳಿದೆ, ಬದುಕಿದಷ್ಟು ದಿನ ಬದುಕಿಕೊಳ್ಳಲಿ ಎಂದ. ಹನುಮಂತಯ್ಯ ಗೊಬ್ಬರದ ಲೆಕ್ಕ ಹಾಕಿ ಆಗಲಿ ಅಂದ.

ಮೂರನೆಯ ದಿನವೇ ರಾಮಲಕ್ಷ್ಮಮ್ಮ ಅಪ್ಪನ ಹಳೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಗುಲಾಬಿಯ ಬೆನ್ನಿಗೆ ಬಿಗಿದು, ತೋಟದ ಬದುವಿನ ಮೇಲೆ ಕಾಲೂರಿ ಹತ್ತಿದಳು. ಇಪ್ಪತ್ತೈದು ವರ್ಷ ಮರೆತಿದ್ದ ಮೈ ಒಂದೇ ಗಳಿಗೆಗೆ ನೆನಪು ಮಾಡಿಕೊಂಡಿತು. ಮೊದಲು ತೋಟದೊಳಗೆ, ಆಮೇಲೆ ನೀರಿಳಿದ ಕೆರೆ ಅಂಗಳದಲ್ಲಿ, ದಿನಾ ಬೆಳಿಗ್ಗೆ ಹಾಲು ಡೈರಿಗೆ ಹೋದ ಮೇಲೆ ಒಂದು ಗಂಟೆ. ಬುಡನ್ ಸಾಬಿಯ ಮಗಳು ಶಾಹಿದಾ ಬೇಗಂ ತಿಪಟೂರಿನಲ್ಲಿ ಟೈಲರು. ಸೀರೆಯ ಒಳಗೆ ಹಾಕಿಕೊಳ್ಳುವುದಕ್ಕೆ ದಪ್ಪ ಬಟ್ಟೆಯ ಪೈಜಾಮವನ್ನು ಅವಳೇ ಹೊಲಿದುಕೊಟ್ಟಳು. ಊರು ಒಂದು ತಿಂಗಳು ನಕ್ಕಿತು, ಆಮೇಲೆ ಬೇರೆ ಏನೋ ಸಿಕ್ಕಿ ಸುಮ್ಮನಾಯಿತು. ಆ ಒಂದು ಗಂಟೆಯಲ್ಲಿ ಯಾರೂ ಅವಳನ್ನು ಅದು ತಾ, ಇದು ಎತ್ತು ಅನ್ನುತ್ತಿರಲಿಲ್ಲ. ಕುದುರೆ ಓಡುವಾಗ ಅವಳಿಗೆ ಗೊತ್ತಿಲ್ಲದಂತೆ ನಗು ಬರುತ್ತಿತ್ತು. ಏರಿಯ ಮೇಲೆ ಹೋಗುವವರು ಅದನ್ನು ನೋಡಿದ್ದರು.

ಸೀರೆ ಒದ್ದೆಯಾಗುವುದು ಶುರುವಾದದ್ದು ಗುಲಾಬಿ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಕಡೆಯವಳು ಧನ್ಯಶ್ರೀ ಹುಟ್ಟಿದ ಮೇಲೆ. ಹೆಂಗಸರಿಗೆಲ್ಲ ಹೀಗೇ ಇರಬೇಕು ಅಂದುಕೊಂಡು ಒಂದು ಬಟ್ಟೆ ಹೆಚ್ಚಿಗೆ ಒಗೆಯುತ್ತಿದ್ದಳು. ಆದರೆ ಹೋದ ವರ್ಷ ಅಟ್ಟಕ್ಕೆ ಕಾಯಿ ತುಂಬಿದ ದಿನ ಸಂಜೆ ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುವಾಗ ಕೈಗೆ ಏನೋ ತಗುಲಿತು. ಮೆತ್ತಗೆ, ನಿಂಬೆಹಣ್ಣಿನ ಗಾತ್ರ. ಒಳಗಿನದು ಹೊರಗೆ ಬರುತ್ತಿದೆ ಎಂದು ಬೆವರಿಬಿಟ್ಟಳು. ಆರು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ, ಅತ್ತೆಯ ಬಾಯಿಂದ ಬಂದ ಮೊದಲ ಮಾತೇ ಕುದುರೆ. ಹೆಂಗಸು ಕಾಲಗಲಿಸಿ ಕೂತರೆ ಕೆಳಕ್ಕೆ ಬರದೆ ಇನ್ನೇನು ಎಂದಳು ಅತ್ತೆ. ಹನುಮಂತಯ್ಯ ಆ ಮಾತನ್ನು ಹಿಡಿದುಕೊಂಡ.

ನರ್ಸಿಂಗ್ ಹೋಮಿನಿಂದ ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಕೈಕಾಲು ತೊಳೆಯದೆ ಅವಳು ಹಿತ್ತಲಿಗೆ ಹೋದಳು. ಕೊಟ್ಟಿಗೆಯ ಕೊನೆಯ ಗೂಟ ಖಾಲಿ ಇತ್ತು. ಅರ್ಧ ತಿಂದ ಹುಲ್ಲು ಹಾಗೇ ಬಿದ್ದಿತ್ತು.

ಅತ್ತೆ ಒಳಗಿನಿಂದಲೇ ಹೇಳಿದಳು: ಬುಡನ್ ಸಾಬಿಯ ಮಗ ಯಾಸೀನ್ ಬಂದು ಹೊಡೆದುಕೊಂಡು ಹೋದನಂತೆ. ಎಷ್ಟು ಹೊತ್ತಿನಲ್ಲಿ ಎಂದು ಕೇಳಿದ್ದಕ್ಕೆ, ನೀವು ಬಸ್ಸು ಹತ್ತಿದ ಹಿಂದೆಯೇ, ಒಂಬತ್ತು ಗಂಟೆ ಇರಬೇಕು ಎಂದಳು.

ಡಾಕ್ಟರು ಕುದುರೆ ನಿಲ್ಲಿಸಿ ಅಂದದ್ದು ಹನ್ನೊಂದು ಗಂಟೆ ಕಳೆದ ಮೇಲೆ. ರಾಮಲಕ್ಷ್ಮಮ್ಮ ಖಾಲಿ ಗೂಟದ ಮುಂದೆ ನಿಂತು ಈ ಎರಡು ಗಂಟೆಯ ಅಂತರವನ್ನೇ ಮತ್ತೆ ಮತ್ತೆ ಅಳೆದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ಟಿಕೆಟ್ ಹರಿಸಿ, ಬಿಸಿಲು ಬೀಳುತ್ತದೆ ಈ ಕಡೆ ಕೂತುಕೋ ಎಂದು ಜಾಗ ಬದಲಾಯಿಸಿ ಕೊಟ್ಟಿದ್ದ ಗಂಡ. ಆಗಲೇ ಅವನಿಗೆ ಎಲ್ಲ ಗೊತ್ತಿತ್ತು. ರಾತ್ರಿ ಮುದ್ದೆ ಇಕ್ಕುವಾಗ ಅವನ ತಟ್ಟೆ ನೆಲಕ್ಕೆ ಬಡಿದ ಸದ್ದಿಗೆ ಅವನು ತಲೆ ಎತ್ತಿ ನೋಡಿದ.

ಮರುದಿನ, ಮಂಗಳವಾರ, ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುತ್ತಾ ಅವನು ಹೇಳಿದ:

"ಆಪರೇಷನ್ ಆದ್ಮೇಲೆ ಮೂರು ತಿಂಗ್ಳು ಏನೂ ಎತ್ತಂಗಿಲ್ವಂತೆ. ಆಪರೇಷನ್‌ಗೆ ಮುಂಚೇನೇ ಅಟ್ಟಕ್ಕೆ ಕಾಯಿ ತುಂಬ್ಬುಡಾನ. ಇವತ್ತಿಂದ ಶುರು ಮಾಡು."

ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಕೂರಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವ ತನಕ. ಆ ಮನೆಯಲ್ಲಿ ಅಂಗಳದ ರಾಶಿಯಿಂದ ಅಟ್ಟದ ತನಕ ಕಾಯಿ ಹೋಗುತ್ತಿದ್ದದ್ದು ಸೊಸೆಯ ತಲೆಯ ಮೇಲೆ. ಹನ್ನೊಂದು ಮೆಟ್ಟಿಲ ಏಣಿ. ಒಂದು ಮಂಕರಿಗೆ ಇಪ್ಪತ್ತು ಕಾಯಿ. ಹನುಮಂತಯ್ಯ ಮೇಲೆ ಕೂತು ಇಳಿಸಿಕೊಂಡು ಸಾಲಾಗಿ ಜೋಡಿಸುತ್ತಿದ್ದ. ಜೋಡಿಸುವುದಕ್ಕೆ ಕೈಗುಣ ಬೇಕು, ಎಲ್ಲರಿಗೂ ಬರುವುದಿಲ್ಲ ಎನ್ನುವುದು ಅವನ ಮಾತು.

ರಾಮಲಕ್ಷ್ಮಮ್ಮ ಅಂಗಳದ ರಾಶಿಯ ಮುಂದೆ ನಿಂತಳು. ಮಂಕರಿಗೆ ಎರಡು ಕಾಯಿ ಹಾಕಿದಳು. ಮೂರನೆಯದನ್ನು ಕೈಗೆ ತೆಗೆದುಕೊಂಡವಳು ಅದನ್ನು ರಾಶಿಯ ಮೇಲೆ ಬೀಸಿ ಎಸೆದಳು. ರಾಶಿ ಜರುಗಿ ಹತ್ತಾರು ಕಾಯಿ ಉರುಳಿಕೊಂಡು ಹೋಗಿ ಬೀದಿಗೆ ಬಿದ್ದವು. ಒಳಗೆ ಹೋಗಿ ಸೀರೆ ಬದಲಾಯಿಸಿ, ಯಾರಿಗೂ ಹೇಳದೆ ಬಸ್ಸು ಹತ್ತಿದಳು.

ಶಾಹಿದಾ ಬೇಗಂ ಅಂಗಡಿಯಲ್ಲಿ ಮಿಷನ್ ತುಳಿಯುತ್ತಿದ್ದಳು. ರಾಮಲಕ್ಷ್ಮಮ್ಮ ಹೇಳಿದ್ದನ್ನೆಲ್ಲ ಕೇಳಿ, ಕಾಲು ನಿಲ್ಲಿಸಿದಳು. ಅವಳಿಗೂ ನಾಲ್ಕು ಹೆರಿಗೆ ಆಗಿತ್ತು. ಎರಡು ವರ್ಷ ಅವಳು ನಮಾಜಿಗೆ ಕೂತಾಗಲೆಲ್ಲ ಬಟ್ಟೆ ಒದ್ದೆಯಾಗಿ, ನಡುವೆ ಎದ್ದು ಮತ್ತೆ ಕೈಕಾಲು ಮುಖ ತೊಳೆದು ವಜೂ ಮಾಡಬೇಕಾಗುತ್ತಿತ್ತಂತೆ. ನಾಚಿಕೆಯಿಂದ ಸಾಯುವ ಹಾಗಾಗಿತ್ತಂತೆ. ಈಗ ಇಲ್ಲ.

"ಕೊಯ್ಸ್ಕೊಂಡಾ?" ಎಂದಳು ರಾಮಲಕ್ಷ್ಮಮ್ಮ.

"ಇಲ್ಲ ಅಕ್ಕ. ಒಬ್ರು ಲೇಡಿ ಡಾಕ್ಟ್ರು ಮಂಗಳವಾರ ಮಂಗಳವಾರ ತುಮಕೂರಿಂದ ಬರ್ತಾರೆ. ಇವತ್ತೇ ಬಂದಿರ್ತಾರೆ, ನಡಿ," ಎಂದು ಶಾಹಿದಾ ಅರ್ಧ ಹೊಲಿದ ರವಿಕೆಯನ್ನು ಮಿಷನ್ನಿನ ಸೂಜಿಯಲ್ಲೇ ಬಿಟ್ಟು ಎದ್ದಳು.

ಔಷಧದಂಗಡಿಯ ಹಿಂದಿನ ಸಣ್ಣ ಕೋಣೆ. ಡಾಕ್ಟರಮ್ಮನಿಗೆ ಐವತ್ತು ದಾಟಿತ್ತು. ತಲೆ ಎಣ್ಣೆ ಕಾಣದೆ ಕೆದರಿತ್ತು. ಅವರು ಪರೀಕ್ಷೆಗೆ ಮೊದಲು ಅರ್ಧ ಗಂಟೆ ಬರೀ ಕೇಳಿದರು. ಎಷ್ಟು ಹೆರಿಗೆ, ಎಷ್ಟು ಹೊತ್ತು ನೋವು ತಿಂದೆ, ಮಲಬದ್ಧತೆ ಇದೆಯಾ, ಕೆಮ್ಮು ಇದೆಯಾ. ಹೆರಿಗೆಯಾಗಿ ಎಷ್ಟನೇ ದಿನಕ್ಕೆ ಭಾರ ಎತ್ತಿದೆ ಎಂದು ಕೇಳಿದಾಗ ರಾಮಲಕ್ಷ್ಮಮ್ಮ ಹನ್ನೆರಡು ಅಂದಳು. ಹನ್ನೆರಡು ವಾರವಾ ಎಂದರು ಅವರು. ದಿನ ಅಂದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಏನು ಎತ್ತಿದೆ ಎಂದು ಕೇಳಿದರು. ಕಾಯಿ ಮಂಕರಿ, ಏಣಿ, ಅಟ್ಟ, ವರ್ಷಕ್ಕೆ ಎಷ್ಟು ಸಲ, ಎಷ್ಟು ವರ್ಷ, ಎಲ್ಲವನ್ನೂ ಅವಳು ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ದನಿಯೇ ಅವಳಿಗೆ ಬೇರೆ ಯಾರದೋ ಅನ್ನಿಸಿತು.

ಪರೀಕ್ಷೆ ಆದ ಮೇಲೆ ಅವರು ಅವಳನ್ನೇ ಎದುರಿಗೆ ಕೂರಿಸಿಕೊಂಡು, ಎರಡೂ ಅಂಗೈ ಬಟ್ಟಲಿನ ಹಾಗೆ ಹಿಡಿದು ತೋರಿಸಿದರು.

"ಸೊಂಟದ ಮೂಳೆಗೆ ಕೆಳಗಡೆ ಜೋಲಿ ಕಟ್ಟಿದ ಹಾಗೆ ಮಾಂಸಖಂಡ ಇದೆ ನೋಡು. ಗರ್ಭಕೋಶ, ಉಚ್ಚೆಯ ಚೀಲ, ಎಲ್ಲ ಅದರ ಮೇಲೇ ಕೂತಿರೋದು. ಹೆರಿಗೇಲಿ ಆ ಜೋಲಿ ಹಿಗ್ಗುತ್ತೆ. ಮತ್ತೆ ಬಿಗಿಯಾಗೋಕೆ ಅದಕ್ಕೆ ಕಾಲ ಬೇಕು. ನಿಂದಕ್ಕೆ ಯಾರೂ ಕಾಲ ಕೊಟ್ಟಿಲ್ಲ."

ರಾಮಲಕ್ಷ್ಮಮ್ಮ ಕೇಳಿದಳು: "ಕುದುರೆಯಿಂದ ಅಲ್ವಾ?"

"ಕುದುರೆ ಬರೋಕೆ ಮುಂಚೇನೇ ಸೀರೆ ಒದ್ದೆ ಆಗ್ತಿತ್ತು ಅಂತ ನೀನೇ ಹೇಳಿದೆ. ಮೂರು ತಿಂಗಳು ಓಡಿಸ್ಬೇಡ, ನೋವು ಭಾರ ಇಲ್ಲದಿದ್ರೆ ನಿಧಾನಕ್ಕೆ ನಡೆಸ್ಕೊಂಡು ಹೋಗು. ಜೋಲಿ ಬಿಗಿ ಆದ್ಮೇಲೆ ನೋಡೋಣ. ಆದರೆ ಆ ಮಂಕರಿ ಮಾತ್ರ ಇನ್ನು ಮುಟ್ಟಬೇಡ."

ಕೊಯ್ಯುವ ಮಾತು ಈಗಲೇ ಬೇಡ, ಇಷ್ಟು ಜಾರಿದ್ದಕ್ಕೆ ಮೊದಲು ಬೇರೆ ದಾರಿ ಇದೆ ಎಂದರು. ಆ ಖಂಡವನ್ನು ಒಳಕ್ಕೆ ಮೇಲಕ್ಕೆ ಎಳೆದು ಹಿಡಿಯುವುದನ್ನು ಕಲಿಸಿದರು. ಮೊದಲು ಅವಳಿಗೆ ಅದು ಎಲ್ಲಿದೆ ಎಂದೇ ತಿಳಿಯಲಿಲ್ಲ. ಹೊಟ್ಟೆ ಬಿಗಿ ಹಿಡಿದಳು, ತೊಡೆ ಬಿಗಿ ಹಿಡಿದಳು. ಉಸಿರು ಕಟ್ಟಬೇಡ, ಉಚ್ಚೆ ನಡುವೆ ತಡೆದ ಹಾಗೆ, ಅಷ್ಟೇ ಎಂದರು ಡಾಕ್ಟರಮ್ಮ. ನಾಲ್ಕನೆಯ ಸಲ ಒಳಗೆ ಎಲ್ಲೋ ಸಣ್ಣಗೆ ಏನೋ ಮೇಲಕ್ಕೆ ಎದ್ದಿತು. ಅದೇ ಎಂದರು ಅವರು. ಐದು ಎಣಿಸುವ ತನಕ ಹಿಡಿ, ಬಿಡು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ತಿಂಗಳು ಬಿಟ್ಟು ಬಾ.

ನಲವತ್ತೆರಡು ವರ್ಷ ತನ್ನ ಮೈಯೊಳಗೇ ಇದ್ದದ್ದು. ಹೆತ್ತ ಮೂರು ಸಲವೂ ಸೂಲಗಿತ್ತಿ ಹೇಳಲಿಲ್ಲ, ನರ್ಸಮ್ಮ ಹೇಳಲಿಲ್ಲ, ಅತ್ತೆ ಹೇಳಲಿಲ್ಲ, ನಿನ್ನೆಯ ಡಾಕ್ಟರು ನಗುವುದಕ್ಕೆ ಸಮಯ ಮಾಡಿಕೊಂಡರೇ ಹೊರತು ಇದನ್ನು ಹೇಳಲಿಲ್ಲ. ಹೊರಗೆ ಬಂದಾಗ ಅವಳ ಕಣ್ಣಲ್ಲಿ ನೀರಿತ್ತು. ಶಾಹಿದಾ ಸಮಾಧಾನ ಮಾಡಲು ಬಂದಳು. "ಅಳ್ತಿಲ್ಲ ಬುಡು," ಎಂದಳು ರಾಮಲಕ್ಷ್ಮಮ್ಮ. "ಸಿಟ್ಟು ಬಂದ್ರೂ ಬತ್ತದೆ ಇದು."

ಶಾಹಿದಾಳ ತವರು ಎರಡು ಬೀದಿ ಆಚೆ. ಗುಲಾಬಿಯನ್ನು ಹಿತ್ತಲಲ್ಲಿ, ಮುರಿದ ಜಟಕಾದ ಪಕ್ಕ ಕಟ್ಟಿದ್ದರು. ಮಂಚದ ಮೇಲೆ ಮಲಗಿದ್ದ ಬುಡನ್ ಸಾಬ್ ಅವಳನ್ನು ಕಂಡು ಕಷ್ಟಪಟ್ಟು ಎದ್ದು ಕೂತ. ಯಾಸೀನ್ ಗುಲಾಬಿಯನ್ನು ಅರಸೀಕೆರೆಯ ಯಾವುದೋ ಮದುವೆ ಬ್ಯಾಂಡಿನವರಿಗೆ ಕೊಡುವುದಕ್ಕೆ ಮಾತಾಡಿದ್ದನಂತೆ.

"ನಿಮ್ ಯಜಮಾನ್ರು, ಅವಳಿಗೇ ಬೇಡ ಆಗೈತೆ, ಅವಳೇ ಕಳ್ಸು ಅಂದ್ಲು ಅಂತ ಹೇಳಿ ಕಳ್ಸಿದ್ರು ತಾಯಿ," ಎಂದ ಮುದುಕ. "ನಾನೂ ಬೇಜಾರು ಮಾಡ್ಕೊಂಡೆ."

"ನಾನು ಅನ್ಲಿಲ್ಲ ಸಾಬ್ರೇ."

ಮುದುಕ ತಾನೇ ಹೋಗಿ ಹಗ್ಗ ಬಿಚ್ಚಿ ಅವಳ ಕೈಗೆ ಕೊಟ್ಟ. ಸಂಜೆ ಯಾಸೀನ್ ಮೆಕ್ಯಾನಿಕ್ ಶೆಡ್ಡಿನಿಂದ ಬಂದ ಮೇಲೆ ಹೊಡೆದುಕೊಂಡು ಬರುತ್ತಾನೆ, ನೀವು ಬಸ್ಸಿನಲ್ಲಿ ಹೋಗಿ ಎಂದು ಶಾಹಿದಾ ಹೇಳಿದಳು. ರಾಮಲಕ್ಷ್ಮಮ್ಮ ಒಪ್ಪಲಿಲ್ಲ.

ತಿಪಟೂರಿನಿಂದ ಊರಿಗೆ ಮೂರು ಗಂಟೆಯ ನಡಿಗೆ. ಅವಳು ಹತ್ತಲಿಲ್ಲ. ಹಗ್ಗ ಹಿಡಿದು ಟಾರು ರಸ್ತೆಯ ಅಂಚಿನಲ್ಲಿ ನಡೆದಳು. ಕೊಬ್ಬರಿ ಮಂಡಿಯ ಮುಂದೆ ಮೂಟೆ ಹೊಲಿಯುತ್ತಿದ್ದವರು ಸೂಜಿ ನಿಲ್ಲಿಸಿ ನೋಡಿದರು. ಊರಿನ ಬಸ್ಸು ಪಕ್ಕದಲ್ಲೇ ನಿಧಾನ ಮಾಡಿತು, ಕಂಡಕ್ಟರು ತಲೆ ಹೊರಗೆ ಹಾಕಿ ಏನೋ ಕೇಳಿದ, ಅವಳು ಮುಂದಕ್ಕೆ ನಡೆದಳು. ದಾರಿಯಲ್ಲಿ ಮೂರು ಸಲ ಕೆಳಗೆ ಭಾರ ಅನ್ನಿಸಿ ತೆಂಗಿನ ಬುಡದಲ್ಲಿ ಕೂತಳು. ಗುಲಾಬಿ ಅವಳ ಪಕ್ಕದಲ್ಲಿ ಬದುವಿನ ಹುಲ್ಲು ಹಿರಿಯುತ್ತಾ ನಿಲ್ಲುತ್ತಿತ್ತು. ಪ್ರತಿ ಸಲವೂ ಏಳುವಾಗ ಸಿಟ್ಟು ಕಡಿಮೆಯಾಗಿರುತ್ತದೆ ಅಂದುಕೊಂಡಳು. ಆಗಿರಲಿಲ್ಲ. ಹನ್ನೆರಡನೇ ದಿನ ಏಣಿ ಹತ್ತಿದ್ದು, ಹತ್ತುವಾಗ ಮೊಲೆಯಿಂದ ಹಾಲು ಸೋರಿ ರವಿಕೆ ತೊಯ್ದದ್ದು, ಮೇಲಿನಿಂದ ಗಂಡ ಬೇಗ ಬೇಗ ಎಂದು ಕೂಗುತ್ತಿದ್ದದ್ದು, ಮರೆತೇ ಹೋಗಿದ್ದದ್ದೆಲ್ಲ ಒಂದೊಂದೇ ಹಿಂದಿನಿಂದ ಓಡಿಬಂದು ಅವಳ ಜೊತೆ ಹೆಜ್ಜೆ ಹಾಕಿತು.

ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಹನುಮಂತಯ್ಯ ಅಣ್ಣ ಮಾರಯ್ಯನ ಜೊತೆ ಜಗಲಿಯ ಮೇಲೆ ಕೂತಿದ್ದ. ಕಾಯಿ ರಾಶಿ ಬೆಳಿಗ್ಗೆ ಇದ್ದ ಹಾಗೇ ಇತ್ತು. ಬೀದಿಗೆ ಬಿದ್ದವನ್ನು ಮಾತ್ರ ಯಾರೋ ಆಯ್ದು ಹಾಕಿದ್ದರು. ರಾಮಲಕ್ಷ್ಮಮ್ಮ ಗುಲಾಬಿಯನ್ನು ಹಿತ್ತಲಿಗೆ ಒಯ್ಯದೆ ಜಗಲಿಯ ಕಂಬಕ್ಕೆ ಕಟ್ಟಿದಳು.

"ಡಾಕ್ಟ್ರು ಹೇಳಿದ್ದು ಕಿವಿಗೆ ಬೀಳ್ಲಿಲ್ವಾ ನಿಂಗೆ?" ಎಂದ ಹನುಮಂತಯ್ಯ.

"ಬಿತ್ತು. ಅವ್ರು ನಂಗೆ ಹೇಳ್ಲಿಲ್ಲ, ನಿಂಗೆ ಹೇಳಿದ್ರು."

ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಅವನನ್ನು ನೀನು ಅಂದದ್ದು ಅದೇ ಮೊದಲು. ಅದನ್ನು ಮೊದಲು ಗುರುತಿಸಿದವನು ಮಾರಯ್ಯ. ಕೂತಲ್ಲೇ ನೆಟ್ಟಗಾದ. ಅವಳು ಅವನ ಕಡೆ ನೋಡಲಿಲ್ಲ.

"ಅವ್ರು ಬಾಯಿ ಬಿಟ್ಟಿದ್ದು ಹನ್ನೊಂದ್ ಗಂಟೆಗೆ. ಯಾಸೀನ ಬಂದಿದ್ದು ಒಂಬತ್ತಕ್ಕೆ. ನಾನೇ ಬೇಡ ಅಂದೆ ಅಂತ ಸಾಬ್ರಿಗೆ ಸುಳ್ಳು ಹೇಳ್ಸಿದ್ದೀಯ."

"ನಿನ್ನ ಒಳ್ಳೇದಕ್ಕೆ ಕಣೇ..."

"ಧನ್ಯಶ್ರೀ ಹುಟ್ಟಿ ಹನ್ನೆರಡ್ನೇ ದಿನ ನನ್ನ ಈ ಏಣಿ ಹತ್ಸಿದ್ರಿ. ಅವತ್ತು ಜಾರ್ತದೆ ಅಂತ ಯಾರಿಗೂ ಅನ್ಸಲಿಲ್ಲ. ಇಪ್ಪತ್ ವರ್ಷ ಹೊತ್ತಾಗ್ಲೂ ಅನ್ಸಲಿಲ್ಲ. ನಾನು ಒಂದ್ ಗಂಟೆ ನಗ್ತಾ ಕೂತ್ಕಂಡಿದ್ದು ಮಾತ್ರ ಎಲ್ರ ಕಣ್ಣಿಗೆ ಬಿತ್ತು."

ಇಂಥದ್ದೆಲ್ಲ ಹೆಂಗಸರು ಜಗಲಿಯ ಮೇಲೆ ಆಡುವ ಮಾತಾ ಎಂದ ಮಾರಯ್ಯ, ತಗ್ಗಿದ ದನಿಯಲ್ಲಿ, ಬೀದಿಯ ಕಡೆ ನೋಡುತ್ತಾ. ಕುದುರೆಯನ್ನು ಸಾಗಹಾಕುವ ಮಾತನ್ನು ನೀವು ಆಡಿದ್ದು ಯಾವ ಜಗಲಿಯ ಮೇಲೆ ಭಾವ ಎಂದು ಕೇಳಿದಳು ರಾಮಲಕ್ಷ್ಮಮ್ಮ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ.

ಆಪರೇಷನ್ನಿಗೆ ತಾನು ಬರುವುದಿಲ್ಲ, ಮಂಕರಿಯನ್ನು ಇನ್ನು ಮುಟ್ಟುವುದಿಲ್ಲ, ಕುದುರೆ ಇಲ್ಲೇ ಇರುತ್ತದೆ ಎಂದು ಅವಳು ಗಂಡನಿಗೆ ಹೇಳಿದಳು. ಅವನು ಸಿಟ್ಟಿನಿಂದ ಏನೇನೋ ಕೂಗಾಡಿದ. ಅಟ್ಟ ತುಂಬುವವರು ಯಾರು ಎಂದು ಮೂರು ಸಲ ಕೇಳಿದ. ಮೂರನೆಯ ಸಲಕ್ಕೆ ಅವಳು ಅವನ ಎರಡು ಕಾಲುಗಳನ್ನು, ಆಮೇಲೆ ಏಣಿಯನ್ನು ನೋಡಿ ಒಳಗೆ ಹೋದಳು.

ಹಿತ್ತಲ ಕಲ್ಲಿನ ಮೇಲೆ ಕಾಲಿಗೆ ನೀರು ಹೊಯ್ದುಕೊಳ್ಳುತ್ತಿದ್ದಾಗ ಅತ್ತೆ ಬಂದು ಗೋಡೆಗೆ ಒರಗಿ ನಿಂತಳು. ಎಪ್ಪತ್ತರ ಮುದುಕಿ. ಹನ್ನೆರಡನೇ ದಿನ ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು, ಮಲಗಿದರೆ ಮೈ ಕೆಡುತ್ತದೆ ಏಳು ಅಂದವಳು ಇವಳೇ. ಈಗಲೂ ಅಂಥದ್ದೇ ಏನೋ ಅನ್ನುತ್ತಾಳೆ ಎಂದು ರಾಮಲಕ್ಷ್ಮಮ್ಮ ಮಾತನ್ನು ಮಸೆದು ಇಟ್ಟುಕೊಂಡಳು.

"ನಂಗೂ ಐತೆ ಕಣಮ್ಮಿ," ಎಂದಳು ಮುದುಕಿ.

ರಾಮಲಕ್ಷ್ಮಮ್ಮ ಚೊಂಬು ಹಿಡಿದ ಹಾಗೇ ತಿರುಗಿ ನೋಡಿದಳು.

"ನಿನ್ ಗಂಡ ಹುಟ್ಟಿದ್ ವರ್ಷದಿಂದ. ಒಂಬತ್ನೇ ದಿನಕ್ಕೆ ರಾಗಿ ಹೊಲದಲ್ಲಿ ಕಳೆ ಕೀಳಾಕೆ ಕಳ್ಸಿದ್ರು. ನಿಂತ್ರೆ ಬತ್ತದೆ, ಮನಿಕ್ಕಂಡ್ರೆ ಹೋಯ್ತದೆ. ಬಟ್ಟೆ ಉಂಡೆ ಮಾಡಿ ಇಟ್ಕಂತೀನಿ. ಈಗೀಗ ಹುಣ್ಣಾಗೈತೆ."

"ಗೊತ್ತಿದ್ದೂ ನನ್ನ ಏಣಿ ಹತ್ಸಿದ್ರಾ?"

ಮುದುಕಿ ತನ್ನ ಕಾಲಬೆರಳುಗಳನ್ನು ನೋಡಿಕೊಂಡಳು. ಹೆಂಗಸಾದ ಮೇಲೆ ಇರುವುದೇ ಅಂದುಕೊಂಡಿದ್ದೆ ಎಂದಳು.

ರಾಮಲಕ್ಷ್ಮಮ್ಮ ಕೈಯಲ್ಲಿದ್ದ ತಾಮ್ರದ ಚೊಂಬನ್ನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದಳು. ಮತ್ತೆ ಬಡಿದಳು. ಚೊಂಬು ಒಂದು ಪಕ್ಕ ನೆಗ್ಗಿ ಕೈಜಾರಿ ಹೋಗಿ ಕರಿಬೇವಿನ ಗಿಡದ ಬುಡದಲ್ಲಿ ಬಿತ್ತು. ಅತ್ತೆ ಅತ್ತಿದ್ದರೆ ಇನ್ನಷ್ಟು ಬೈಯಬಹುದಿತ್ತು. ಮುದುಕಿ ಅಳಲಿಲ್ಲ, ಹೆದರಲೂ ಇಲ್ಲ. ಬಗ್ಗಲಾರದೆ ಬಗ್ಗಿ ಚೊಂಬನ್ನು ಎತ್ತಿ ಕಲ್ಲಿನ ಮೇಲಿಟ್ಟು ಒಳಗೆ ಹೋದಳು. ಆ ನಡಿಗೆಯನ್ನು ರಾಮಲಕ್ಷ್ಮಮ್ಮ ಇಪ್ಪತ್ತನಾಲ್ಕು ವರ್ಷ ನೋಡಿದ್ದಳು. ಮಂಡಿ ನೋವು ಅಂದುಕೊಂಡಿದ್ದಳು.

ಬುಧವಾರ ಹನುಮಂತಯ್ಯ ಕಾಯಿ ರಾಶಿಯನ್ನು ಸುತ್ತು ಹಾಕಿದ. ಗುರುವಾರ ಮಾರಯ್ಯನನ್ನು ಕರೆತಂದು ಏಣಿಯ ಮೇಲೆ ನಿಲ್ಲಿಸಿ, ತಾನು ಕೆಳಗಿನಿಂದ ಹೊತ್ತ. ಎಷ್ಟು ಹೊತ್ತರೂ ಸಿಂಬೆ ತಲೆಯ ಮೇಲೆ ನಿಲ್ಲದೆ ಜಾರುತ್ತಿತ್ತು. ಶನಿವಾರ ಸೊಂಟ ಹಿಡಿದು ಜಗಲಿಯ ಮೇಲೆ ಬೋರಲು ಮಲಗಿದ. ಎಣ್ಣೆ ಬಿಸಿ ಮಾಡಿಕೊಡು ಎಂದು ಅವನು ಕೇಳಲಿಲ್ಲ, ಅವಳು ಮಾಡಿಕೊಡಲಿಲ್ಲ. ಬೆಳಿಗ್ಗೆ ಹುಲ್ಲು ಹಾಕುವಾಗ, ಮಧ್ಯಾಹ್ನ ಅಕ್ಕಿ ಆರಿಸುವಾಗ, ಅವನು ಎದುರಿಗೇ ಕೂತು ಉಣ್ಣುವಾಗ, ಅವಳು ಮನಸ್ಸಿನಲ್ಲೇ ಐದು ಎಣಿಸಿ ಹಿಡಿಯುತ್ತಿದ್ದಳು, ಬಿಡುತ್ತಿದ್ದಳು. ಅವನ ಕಣ್ಣೆದುರಿಗೇ ಅವಳು ಏನೋ ಕಟ್ಟುತ್ತಿರುವುದು ಅವನಿಗೆ ಕಾಣುತ್ತಿರಲಿಲ್ಲ.

ಡಾಕ್ಟರಮ್ಮ ಅವಳಿಗೆ ಹೇಳಿದ್ದು ತಿಂಗಳ ಮೇಲೆ ಬಾ ಎಂದು. ಅವಳು ಅಡುಗೆಮನೆಯ ಹೊಗೆಗೂಡಿನ ಹತ್ತಿರ ನಿಂತು, ಯಾರಿಗೂ ಅಲ್ಲದಂತೆ ಅದನ್ನು ಹೇಳಿ, ಇನ್ನೊಂದು ಮಾತನ್ನೂ ಸೇರಿಸಿದ್ದಳು: ಆ ಡಾಕ್ಟರಮ್ಮ ಮಂಗಳವಾರ ಮಂಗಳವಾರ ಬರುತ್ತಾರೆ, ಹುಣ್ಣಿಗೂ ಔಷಧಿ ಕೊಡುತ್ತಾರೆ. ಒಲೆಯ ಮುಂದೆ ಕೂತಿದ್ದ ಅತ್ತೆ ಕೊಳ್ಳಿ ಮುಂದೂಡಿದಳು.

ಮಂಗಳವಾರ ಬೆಳಿಗ್ಗೆ ರಾಮಲಕ್ಷ್ಮಮ್ಮ ಹಾಲು ಹಾಕಿ ಡೈರಿಯಿಂದ ಬಂದಾಗ ಮುದುಕಿ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯ ತಳದ ನೀಲಿ ಸೀರೆ ಉಟ್ಟು, ಬಸ್ಸು ನಿಲ್ಲುವ ಹುಣಸೇಮರದ ಕೆಳಗೆ ಆಗಲೇ ಹೋಗಿ ಕೂತಿದ್ದಳು. ಸೊಸೆಯನ್ನು ಕರೆದಿರಲಿಲ್ಲ. ಮಡಿಲಲ್ಲಿ ಎಲೆಯಡಿಕೆಯ ಚೀಲ ಬಿಗಿಯಾಗಿ ಹಿಡಿದು, ರಸ್ತೆ ತಿರುಗುವ ಕಡೆಯೇ ನೋಡುತ್ತಿದ್ದಳು. ರಾಮಲಕ್ಷ್ಮಮ್ಮ ಹಾಲಿನ ಕ್ಯಾನನ್ನು ಜಗಲಿಯ ಮೇಲಿಟ್ಟು, ಉಟ್ಟ ಸೀರೆಯಲ್ಲೇ ಬಂದು ಅವಳಿಂದ ಸ್ವಲ್ಪ ದೂರ ನಿಂತಳು.

ಬಸ್ಸು ಬಂತು. ಮೆಟ್ಟಿಲು ಎತ್ತರದಲ್ಲಿತ್ತು. ಮುದುಕಿ ಕಂಬಿ ಹಿಡಿದು ಒಂದು ಕಾಲು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ರಾಮಲಕ್ಷ್ಮಮ್ಮ ಅವಳನ್ನು ದಾಟಿ ಮೊದಲು ಹತ್ತಿ, ಮುಖವನ್ನು ಡ್ರೈವರನ ಕಡೆ ತಿರುಗಿಸಿಕೊಂಡೇ, ಹಿಂದಕ್ಕೆ ಒಂದು ಕೈ ಚಾಚಿದಳು. ಆ ಕೈಯನ್ನು ಒಂದು ಒಣಗಿದ ಹಗುರ ಕೈ ಹಿಡಿದುಕೊಂಡಿತು.